ಆರು ತುಂಡು, ಹತ್ತು ತಿರುಪು: ಥೋನೆಟ್‌ನ ಹಳೆಯ 14ನೇ ನಂಬರಿನ ಕುರ್ಚಿಯನ್ನು ಇಂದು ಕೊಳ್ಳಬಹುದೇ?

ಹಳೆಯ ಕುರ್ಚಿ ಕೊಳ್ಳುವವರು ಮೊದಲು ಅದನ್ನು ತಲೆಕೆಳಗು ಮಾಡಿ ನೋಡಬೇಕು. ಯಾವ ಕುರ್ಚಿಗಾದರೂ ಇದು ಒಳ್ಳೆಯ ಅಭ್ಯಾಸವೇ. ಥೋನೆಟ್ ಕಂಪನಿಯ 14ನೇ ನಂಬರಿನ ಬಾಗುಮರದ ಕುರ್ಚಿಗಂತೂ ಮುಕ್ಕಾಲು ಪಾಲು ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ. ನಿಲ್ಲಿಸಿ ನೋಡಿದರೆ ಎಲ್ಲ ಪ್ರತಿಗಳೂ ಒಂದೇ ಥರ: ದುಂಡನೆಯ ಬೆತ್ತದ ಆಸನ, ಹಿಂಗಾಲಿನಿಂದಲೇ ಮೇಲೆದ್ದು ಬೆನ್ನಾಗುವ ಕಮಾನು, ಅದರೊಳಗೆ ಇನ್ನೊಂದು ಚಿಕ್ಕ ಕಮಾನು. ಕೆಳಗಿನಿಂದ ನೋಡಿದಾಗ ಮಾತ್ರ ಯಾವುದು ನೂರು ವರ್ಷದ್ದು, ಯಾವುದು ಎರಡು ಮೂರು ಕುರ್ಚಿಗಳ ಅವಶೇಷ ಕೂಡಿಸಿ ನಿಲ್ಲಿಸಿದ್ದು, ಯಾವುದು ಇನ್ನು ಆರು ತಿಂಗಳಲ್ಲಿ ಕುಸಿಯಲಿದೆ ಎಂಬುದು ತಿಳಿಯುತ್ತದೆ.

ಮೊದಲು ವಸ್ತುವಿನ ಪರಿಚಯ. 1859ರಲ್ಲಿ ಮಾರುಕಟ್ಟೆಗೆ ಬಂದ ಈ ಕುರ್ಚಿಯಲ್ಲಿರುವುದು ಬಾಗಿಸಿದ ಆರು ಮರದ ತುಂಡು, ಹತ್ತು ತಿರುಪು, ಎರಡು ನಟ್. ಹಿಂಗಾಲು ಎರಡೂ ಬೆನ್ನಿನ ಹೊರಕಮಾನೂ ಸೇರಿ ಒಂದೇ ಉದ್ದನೆಯ ಕೋಲು. ಒಳಕಮಾನು ಎರಡನೆಯದು. ಆಸನದ ಬಳೆ ಮೂರನೆಯದು. ಮುಂಗಾಲುಗಳು ಎರಡು. ನಾಲ್ಕೂ ಕಾಲುಗಳನ್ನು ಒಳಗಿನಿಂದ ಹಿಡಿದಿಡುವ ಕಾಲ್ಬಳೆ ಆರನೆಯದು. ಎತ್ತರ ಸುಮಾರು 84 ಸೆಂಟಿಮೀಟರ್, ಆಸನದ ಎತ್ತರ ಸುಮಾರು 46. ಎರಡು ಬೆರಳಲ್ಲಿ ಬೆನ್ನಿನ ಕಮಾನು ಹಿಡಿದು ಎತ್ತಬಹುದಾದಷ್ಟು ಹಗುರ. ಬಿಚ್ಚಿಟ್ಟರೆ ಒಂದು ಘನ ಮೀಟರ್ ಅಳತೆಯ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಸುತ್ತಿದ್ದವು. ಹಾಗೆಯೇ ಹಡಗು ಹತ್ತಿಸಿ ದೂರದ ದೇಶಗಳಿಗೆ ಕಳಿಸಿ, ತಲುಪಿದ ಊರಲ್ಲಿ ತಿರುಪು ಬಿಗಿದು ಮಾರುತ್ತಿದ್ದರು. 1930ರ ಹೊತ್ತಿಗೆ ಐದು ಕೋಟಿ ಕುರ್ಚಿಗಳು ಮಾರಾಟವಾಗಿದ್ದವು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಆದ್ದರಿಂದ ಇದು ಅಪರೂಪದ ಮಾಲು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸುಸ್ಥಿತಿಯಲ್ಲಿರುವುದು ಅಪರೂಪ, ಅಷ್ಟೇ.

ಮರವನ್ನು ಬಾಗಿಸಿದ ಬಗೆ

ಈ ಕುರ್ಚಿ ಎಲ್ಲಿ ಮುರಿಯುತ್ತದೆ, ಯಾಕೆ ಮುರಿಯುತ್ತದೆ ಎಂದು ತಿಳಿಯಲು ಅದನ್ನು ಮಾಡಿದ ಕ್ರಮ ಗೊತ್ತಿರಬೇಕು. ಮೈಕೇಲ್ ಥೋನೆಟ್ ಹುಟ್ಟಿದ್ದು 1796ರಲ್ಲಿ, ರೈನ್ ನದಿ ದಂಡೆಯ ಬೊಪ್ಪಾರ್ಡ್‌ನಲ್ಲಿ. ಬಡಗಿ. ಮೊದಲು ಮಾಡಿದ್ದು ತೆಳು ಪಟ್ಟಿಗಳನ್ನು ಸರೇಸಿನಲ್ಲಿ ಕುದಿಸಿ, ಅಚ್ಚಿಗೆ ಬಿಗಿದು ಅಂಟಿಸಿದ ಕುರ್ಚಿಗಳು. ಅವು ಚೆಲುವಾಗಿದ್ದವು, ಆದರೆ ಸರೇಸು ತೇವ ತಡೆಯುವುದಿಲ್ಲ. ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಬೇಕಾದ ಸರಕಿಗೆ ಅಂಟು ಬಿಡುವುದೆಂದರೆ ಕುರ್ಚಿಯೇ ಬಿಡಿಬಿಡಿಯಾದಂತೆ. ಹಾಗಾಗಿ ಇಡೀ ಮರವನ್ನೇ ಬಾಗಿಸುವ ದಾರಿ ಹುಡುಕಬೇಕಾಯಿತು. 1842ರಲ್ಲಿ ವಿಯೆನ್ನಾಕ್ಕೆ ಬಂದು ನೆಲೆಸಿದ ಥೋನೆಟ್‌ಗೆ 1856ರಲ್ಲಿ ಅದರ ಹಕ್ಕುಪತ್ರ (ಪೇಟೆಂಟ್) ಸಿಕ್ಕಿತು. ಬೀಚ್ ಎಂಬ ಮರದ ಕಾಡುಗಳಿದ್ದ, ಈಗಿನ ಚೆಕ್ ದೇಶದ ಮೊರಾವಿಯಾ ಪ್ರಾಂತ್ಯದ ಕೊರಿಚಾನಿಯಲ್ಲಿ ಕಾರ್ಖಾನೆಯೂ ಎದ್ದಿತು.

ಬೀಚ್ ಮರವನ್ನು ಹಬೆಯಲ್ಲಿಟ್ಟರೆ ಮೆತ್ತಗಾಗುತ್ತದೆ. ಆ ಸ್ಥಿತಿಯಲ್ಲಿ ಅದನ್ನು ಉದ್ದಕ್ಕೆ ಒತ್ತಿ ಕುಗ್ಗಿಸಲು ಬಹಳ ಅವಕಾಶವಿದೆ. ಎಳೆದು ಹಿಗ್ಗಿಸಲು ನೂರಕ್ಕೆ ಒಂದೆರಡು ಪಾಲಿಗಿಂತ ಹೆಚ್ಚು ಆಗದು. ಕೋಲನ್ನು ಸುಮ್ಮನೆ ಬಾಗಿಸಿದರೆ ಹೊರಮೈ ಹಿಗ್ಗಬೇಕಾಗುತ್ತದೆ, ಅದು ತಾಳದೆ ಸೀಳುತ್ತದೆ. ಥೋನೆಟ್ ಕಂಡುಕೊಂಡ ಪರಿಹಾರ ಕೋಲಿನ ಹೊರಮೈಗೆ ಒಂದು ಲೋಹದ ಪಟ್ಟಿ ಹಿಡಿಸಿ, ಎರಡೂ ತುದಿಗಳನ್ನು ಬಿಗಿಯಾಗಿ ಕಟ್ಟುವುದು. ಪಟ್ಟಿ ಹಿಗ್ಗುವುದಿಲ್ಲ, ಆದ್ದರಿಂದ ಹೊರಮೈಯೂ ಹಿಗ್ಗುವಂತಿಲ್ಲ. ಬಾಗಿನ ಭಾರವೆಲ್ಲ ಒಳಮೈಯ ಮೇಲೆ ಬಿದ್ದು ಅದು ಕುಗ್ಗುತ್ತದೆ. ಕಡೆದು ಗುಂಡು ಮಾಡಿದ ಕೋಲನ್ನು ಹಬೆಯಿಂದ ತೆಗೆದ ಕೂಡಲೇ ಪಟ್ಟಿ ಸಮೇತ ಕಬ್ಬಿಣದ ಅಚ್ಚಿನ ಸುತ್ತ ಬಾಗಿಸಿ, ಅಚ್ಚಿನಲ್ಲೇ ಬಿಸಿಕೋಣೆಯಲ್ಲಿ ದಿನಗಟ್ಟಲೆ ಒಣಗಿಸಿದರೆ ಆಕಾರ ನಿಲ್ಲುತ್ತದೆ.

ಕೊಳ್ಳುವವರಿಗೆ ಇದರಿಂದ ಎರಡು ವಿಷಯ ತಿಳಿಯಬೇಕು. ಒಂದು, ಮರದ ನಾರು ಕೋಲಿನ ಉದ್ದಕ್ಕೂ ಬಾಗಿನ ಜೊತೆಗೇ ಹರಿದಿರಬೇಕು. ಹಲಗೆಯಿಂದ ಕಮಾನಿನ ಆಕಾರ ಕತ್ತರಿಸಿ ತೆಗೆದ ನಕಲುಗಳಲ್ಲಿ ನಾರು ಬಾಗಿನ ನಡುವೆ ಅಡ್ಡಡ್ಡ ಹೊರಬಂದು ನಿಲ್ಲುತ್ತದೆ. ಅಂಥ ಜಾಗದಲ್ಲಿ ಮುರಿಯುವುದು ಖಚಿತ. ಎರಡು, ಬಾಗಿನ ಒಳಮೈಯಲ್ಲಿ ಸಣ್ಣ ಅಡ್ಡ ಸುಕ್ಕುಗಳಿದ್ದರೆ ಗಾಬರಿ ಬೇಡ, ಅದು ಮರ ಕುಗ್ಗಿದ ಗುರುತು. ಹೊರಮೈಯಲ್ಲಿ ಎದ್ದ ಚಕ್ಕೆ ಅಥವಾ ಉದ್ದನೆಯ ಸೀಳು ಮಾತ್ರ ಅಪಾಯದ್ದು. ಉಗುರಿನಿಂದ ಹೊರಮೈಯನ್ನು ಸವರಿಕೊಂಡು ಹೋಗಿ. ಸಿಕ್ಕಿಕೊಂಡ ಕಡೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ.

ಬೇಡಿಕೆ ಏರಿ ಇಳಿದ ಕಥೆ

ಇದನ್ನು ಮಾಡಿದ್ದು ಕಾಫಿ ಮನೆಗಳಿಗೆಂದು, ಅಗ್ಗಕ್ಕೆಂದು. ಕೆತ್ತನೆ ಇಲ್ಲ, ಮೆತ್ತೆ ಇಲ್ಲ, ಚೆಲ್ಲಿದ್ದು ಬೆತ್ತದ ತೂತಿನಿಂದ ಕೆಳಗಿಳಿದು ಹೋಗುತ್ತದೆ. ಭಾರಿ ಕೆತ್ತನೆಯ ಪೀಠೋಪಕರಣವೇ ಮನೆಯ ಘನತೆ ಎನ್ನುತ್ತಿದ್ದ ಕಾಲದಲ್ಲಿ ಇದು ಹೋಟೆಲಿನ ಕುರ್ಚಿ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಥೋನೆಟ್ ಕಂಪನಿಗೆ ಚಿನ್ನದ ಪದಕ ಬಂತು. 1869ರಲ್ಲಿ ಹಕ್ಕುಪತ್ರದ ರಕ್ಷಣೆ ಮುಗಿದ ಮೇಲೆ ಜೆ. ಅಂಡ್ ಜೆ. ಕೋನ್ ಮೊದಲಾದ ಕಂಪನಿಗಳು ಅದೇ ಕುರ್ಚಿಯನ್ನು ತಯಾರಿಸಲು ಇಳಿದವು. ಇಂದು ಮಾರುಕಟ್ಟೆಗೆ ಬರುವ ಹಳೆಯ ಪ್ರತಿಗಳಲ್ಲಿ ಇಂಥ ಕಂಪನಿಗಳದ್ದೂ ಸಾಕಷ್ಟಿವೆ. ಕೋನ್ ಮಾಡಿದ ಕುರ್ಚಿ ಕೀಳೆಂದು ಭಾವಿಸಬೇಕಾಗಿಲ್ಲ. ಬಾಗಿನ ಕೆಲಸದಲ್ಲಿ ಅದು ಥೋನೆಟ್‌ಗೆ ಸರಿಸಮ. ಹೆಸರಿನ ಮೋಹವಿಲ್ಲದವರು ಕಡಿಮೆ ಬೆಲೆಗೆ ಅದೇ ಗುಣ ಪಡೆಯಲು ಇದು ಒಳ್ಳೆಯ ದಾರಿ.

ಅಗ್ಗದ ಕುರ್ಚಿಗೆ ಮರ್ಯಾದೆ ತಂದುಕೊಟ್ಟವರು ವಾಸ್ತುಶಿಲ್ಪಿಗಳು. 1899ರಲ್ಲಿ ಅಡಾಲ್ಫ್ ಲೂಸ್ ವಿಯೆನ್ನಾದ ಕಾಫೆ ಮ್ಯೂಸಿಯಂಗೆ ಬಾಗುಮರದ ಕುರ್ಚಿಗಳನ್ನೇ ಆರಿಸಿದರು. 1925ರ ಪ್ಯಾರಿಸ್ ಪ್ರದರ್ಶನದ ತಮ್ಮ ಮಾದರಿ ಮನೆಯಲ್ಲಿ ಲೆ ಕಾರ್ಬೂಸಿಯೆ ಇಟ್ಟದ್ದು ಥೋನೆಟ್‌ನ ಬಾಗುಮರದ ಕೈಕುರ್ಚಿ. ಅಲಂಕಾರ ಬಿಟ್ಟು ಕೆಲಸಕ್ಕೆ ಬೇಕಾದಷ್ಟೇ ಆಕಾರ ಇರಬೇಕು ಎಂದು ವಾದಿಸುತ್ತಿದ್ದವರಿಗೆ ಈ ಕುರ್ಚಿಗಳಿಗಿಂತ ಒಳ್ಳೆಯ ಸಾಕ್ಷಿ ಬೇರೆ ಇರಲಿಲ್ಲ. ಅದೇ ದಶಕದಲ್ಲಿ ಉಕ್ಕಿನ ಕೊಳವೆಯ ಕುರ್ಚಿಗಳೂ ಹುಟ್ಟಿದವು, ಆಮೇಲೆ ಪ್ಲಾಸ್ಟಿಕ್ ಬಂತು. ಬಾಗುಮರದ ಕುರ್ಚಿಗಳು ಅಟ್ಟಕ್ಕೆ ಏರಿದವು, ಬಣ್ಣ ಬಳಿಸಿಕೊಂಡವು, ಬೆತ್ತ ಹರಿದ ಮೇಲೆ ಪ್ಲೈವುಡ್ ಹೊಡೆಸಿಕೊಂಡವು. ಇಂದು ಕೈಗೆ ಸಿಗುವ ಹಳೆಯ ಕುರ್ಚಿಗಳ ಗಾಯಗಳಲ್ಲಿ ಹೆಚ್ಚಿನವು ಈ ಅಸಡ್ಡೆಯ ವರ್ಷಗಳಲ್ಲಿ ಆದವು.

ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ನಡೆದದ್ದು ಇನ್ನೂ ಗಮನಿಸಬೇಕಾದದ್ದು. ಮಹಾಗನಿಯ ಭಾರಿ ಬೀರು, ಎಂಟು ಜನ ಕೂರುವ ಊಟದ ಮೇಜು, ಗಾಜಿನ ಬಾಗಿಲಿನ ಕಪಾಟು ಇವುಗಳ ಹರಾಜು ಬೆಲೆ ಯುರೋಪು, ಅಮೆರಿಕಗಳಲ್ಲಿ ಕುಸಿದುಬಿತ್ತು. ಮರ ಕೆಟ್ಟದ್ದಾಗಿ ಹೀಗಾದದ್ದಲ್ಲ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವವರಿಗೆ ಎರಡು ಕ್ವಿಂಟಲ್ ತೂಗುವ ಬೀರು ಹೊರೆ. ಲಿಫ್ಟಿಗೆ ಹಿಡಿಸುವುದಿಲ್ಲ, ಮೆಟ್ಟಿಲಿನಲ್ಲಿ ತಿರುಗುವುದಿಲ್ಲ, ಗೋಡೆಗೇ ಕಟ್ಟಿದ ವಾರ್ಡ್‌ರೋಬ್ ಇರುವ ಕೋಣೆಯಲ್ಲಿ ಅದಕ್ಕೆ ಕೆಲಸವಿಲ್ಲ. ಅದೇ ಮನೆಯಲ್ಲಿ 14ನೇ ನಂಬರಿನ ಕುರ್ಚಿಗೆ ಜಾಗವಿದೆ. ಅದರ ಬೇಡಿಕೆ ಬಿದ್ದರೂ ಪ್ರತಿ ಸಲ ಮತ್ತೆ ಎದ್ದದ್ದಕ್ಕೆ ಕಾರಣ ಹಗುರ ಮೈ, ಬಿಚ್ಚಿ ಕೂಡಿಸುವ ರಚನೆ, ನೋಟಕ್ಕೆ ಅಡ್ಡ ಬಾರದ ಖಾಲಿ ಜಾಗ. ಹಳೆಯ ಮರದ ಸಾಮಾನಿನ ಬೆಲೆ ಮುಂದೆ ಏರುತ್ತದೆಂದು ಲೆಕ್ಕ ಹಾಕಿ ಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ದಿನಾ ಕೂರಲು ಬೇಕಿದ್ದರೆ ಕೊಳ್ಳಿ.

ಒಂದು ಅನುಕೂಲವನ್ನು ಇಲ್ಲೇ ಹೇಳಬೇಕು. ಈ ಕುರ್ಚಿಗಳಲ್ಲಿ ಎಷ್ಟೋ ಪ್ರತಿಗಳು ಬೀಟೆಯಂತೆ ಕಪ್ಪುಗೆಂಪಾಗಿ ಕಾಣುತ್ತವೆ. ಅದು ಬೀಚ್ ಮರಕ್ಕೆ ಕೊಟ್ಟ ಬಣ್ಣ. ಬೀಟೆಯ ಇಡೀ ಡಾಲ್ಬರ್ಜಿಯಾ ಕುಲ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿದೆ. ಗಡಿ ದಾಟಿಸುವಾಗ ಕಾಗದಪತ್ರ ಬೇಕಾಗಬಹುದು. ಬೀಚ್ ಮರಕ್ಕೆ ಆ ತೊಡಕಿಲ್ಲ.

ತಲೆಕೆಳಗು ಮಾಡಿದ ಮೇಲೆ

ಆಸನದ ಬಳೆಯ ಒಳಮೈಯಲ್ಲಿ ಕಾಗದದ ಚೀಟಿ ಅಥವಾ ಮರಕ್ಕೆ ಒತ್ತಿದ ಮುದ್ರೆ ಹುಡುಕಿ. ಎರಡೂ ಇದ್ದರೆ ಒಳ್ಳೆಯದು. ಚೀಟಿ ಉದುರಿಹೋಗುವುದು ಸಾಮಾನ್ಯ, ಹಾಗಾಗಿ ಇಲ್ಲದ್ದು ನಕಲೆಂಬುದಕ್ಕೆ ಆಧಾರವಲ್ಲ. ಚೀಟಿ ಮಾತ್ರ ಹೊಸದಾಗಿ ಹೊಳೆಯುತ್ತಿದ್ದು ಸುತ್ತಲಿನ ಮರ ಕೊಳೆಯಾಗಿದ್ದರೆ ಅನುಮಾನ ಪಡಿ. ಇರುವ ಚೀಟಿಯನ್ನು ಒರೆಸಲು, ಕೀಳಲು ಹೋಗಬೇಡಿ.

ಆಮೇಲೆ ತಿರುಪುಗಳು. ಹಳೆಯವಕ್ಕೆ ಒಂದೇ ಗೀರಿನ ತಲೆ. ಅಧಿಕ ಚಿಹ್ನೆಯ ತಲೆಯ ಫಿಲಿಪ್ಸ್ ತಿರುಪಿಗೆ ಹಕ್ಕುಪತ್ರ ಸಿಕ್ಕಿದ್ದು 1936ರಲ್ಲಿ. ಅಂಥದ್ದು ಕಂಡರೆ ಆ ಜಾಗಕ್ಕೆ ಆನಂತರ ಯಾರೋ ಕೈಹಾಕಿದ್ದಾರೆ ಎಂದರ್ಥ. ಒಂದೆರಡು ಬದಲಾಗಿದ್ದರೆ ತೊಂದರೆಯಿಲ್ಲ. ಕಾಲ್ಬಳೆಯ ಪಕ್ಕ ಖಾಲಿ ತೂತುಗಳಿದ್ದರೆ, ಕಾಲ್ಬಳೆ ಕಾಲಿಗೆ ಸರಿಯಾಗಿ ಒರಗದೆ ತಿರುಪಿನ ಬಲದಿಂದ ಎಳೆದು ನಿಲ್ಲಿಸಿದಂತಿದ್ದರೆ, ಆ ಬಳೆ ಬೇರೆ ಕುರ್ಚಿಯದು. ಹೀಗೆ ಎಳೆದು ಕೂರಿಸಿದ ಕುರ್ಚಿ ಎಷ್ಟು ಬಿಗಿದರೂ ಮತ್ತೆ ಸಡಿಲವಾಗುತ್ತದೆ, ಏಕೆಂದರೆ ಪ್ರತಿ ಕಾಲೂ ತನ್ನ ಜಾಗಕ್ಕೆ ಮರಳಲು ತಿರುಪನ್ನು ಒಳಗಿನಿಂದ ಕೀಳುತ್ತಿರುತ್ತದೆ.

ಆಸನದ ಬಳೆಯೂ ನೇರ ಕೋಲನ್ನು ದುಂಡಗೆ ಸುತ್ತಿ, ಎರಡು ತುದಿಗಳನ್ನು ಓರೆಯಾಗಿ ಸೀಳಿ, ಒಂದರ ಮೇಲೊಂದು ಮಲಗಿಸಿ ಅಂಟಿಸಿದ್ದು. ಕುರ್ಚಿಯಲ್ಲಿ ಅಂಟನ್ನೇ ನಂಬಿ ನಿಂತ ಮುಖ್ಯ ಜಾಗ ಇದು, ಮೊದಲು ಬಿಡುವ ಜಾಗವೂ ಇದೇ. ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂಡಿ. ಓರೆ ಗೆರೆ ಬಾಯಿ ತೆರೆದರೆ ಬೆತ್ತ ತೆಗೆದು ಮತ್ತೆ ಅಂಟಿಸಬೇಕಾಗುತ್ತದೆ. ಬೆಲೆ ಮಾತನಾಡುವಾಗ ಹೊಸ ಹೆಣಿಗೆಯ ಖರ್ಚನ್ನೂ ಸೇರಿಸಿಕೊಳ್ಳಿ.

ಮುಂಗಾಲಿನ ತಲೆ ಆಸನದ ಬಳೆಯ ತೂತಿನಲ್ಲಿ ಕೂರುತ್ತದೆ. ಒಂದು ಕೈ ಬಳೆಯ ಮೇಲಿಟ್ಟು ಇನ್ನೊಂದರಲ್ಲಿ ಕಾಲನ್ನು ಅಲ್ಲಾಡಿಸಿ. ಕೊಂಚ ಆಡಿದರೆ ಸರಿಪಡಿಸಬಹುದು. ಬಳೆಯೇ ಅಲ್ಲಿ ಸೀಳಿದ್ದರೆ ಬಿಟ್ಟುಬಿಡಿ. ಕೂತವರ ಭಾರ ಕಾಲಿಗೆ ದಾಟುವ ದಾರಿ ಅದು, ಅಂಟಿಸಿದ ಸೀಳು ಬಹುಕಾಲ ನಿಲ್ಲುವುದಿಲ್ಲ.

ಕುಟ್ಟೆ ಹುಳು ಬೀಚ್ ಮರವನ್ನು ಪ್ರೀತಿಸುತ್ತದೆ. ಚೇಗಿರುವ ತೇಗ ಅದಕ್ಕೆ ಕಹಿ, ಬೀಚ್ ಹಾಗಲ್ಲ. ಒಂದೂವರೆ ಎರಡು ಮಿಲಿಮೀಟರ್ ಅಗಲದ ದುಂಡು ತೂತುಗಳು ಹುಳು ಹೊರಬಿದ್ದ ಬಾಗಿಲುಗಳು. ತೂತಿನ ಅಂಚು ಕಪ್ಪಾಗಿ, ಒಳಗೆ ಕೊಳೆ ತುಂಬಿದ್ದರೆ ಹಳೆಯದು. ಅಂಚು ತಿಳಿ ಬಣ್ಣದಲ್ಲಿದ್ದು, ಕುರ್ಚಿಯನ್ನು ಕಪ್ಪು ಕಾಗದದ ಮೇಲಿಟ್ಟು ತಟ್ಟಿದಾಗ ಕೆನೆ ಬಣ್ಣದ ಹಿಟ್ಟು ಉದುರಿದರೆ ಒಳಗೆ ಜೀವವಿದೆ. ಆದರೆ ಹಿಂದಿನ ತೂತಿನ ಹಿಟ್ಟೂ ಸಾಗಿಸುವಾಗ ಉದುರಬಹುದು. ಗುಡಿಸಿ, ಎರಡು ವಾರ ಬಿಟ್ಟು ಮತ್ತೆ ನೋಡಿ. ಪಾಲಿಷ್ ಇರುವ ಮೈಗೆ ಔಷಧ ಬಳಿದರೆ ಒಳಗಿಳಿಯುವುದಿಲ್ಲ, ಬರೀ ಸಮಾಧಾನ. ಬಿಳಿಗಾರದ ಜಾತಿಯ ಲವಣಗಳು ಕೆಲಸ ಮಾಡುವುದು ಪಾಲಿಷ್ ಇಲ್ಲದ ಬರಿ ಮರದ ಮೇಲೆ. ಇಲ್ಲಿ ಬಿಚ್ಚುವ ರಚನೆ ಕೈಹಿಡಿಯುತ್ತದೆ: ಆರು ತುಂಡುಗಳನ್ನೂ ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಸುತ್ತಿ, ಉದ್ದನೆಯ ಪೆಟ್ಟಿಗೆ ಫ್ರೀಜರಿನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಟ್ಟರೆ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ಇಡೀ ದಿನ ಸುತ್ತಿದ್ದನ್ನು ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಮರದ ಮೇಲೆ ನೀರು ಹನಿಗಟ್ಟಿ ಪಾಲಿಷ್ ಬೆಳ್ಳಗಾಗುತ್ತದೆ.

ಸಡಿಲ ಕುರ್ಚಿಯನ್ನು ಬಿಗಿಮಾಡುವುದು

ಹತ್ತರಲ್ಲಿ ಏಳು ಕುರ್ಚಿಗಳು ಸಡಿಲವಾಗಿರುವುದು ತಿರುಪು ಸಡಿಲವಾದ್ದರಿಂದ ಮಾತ್ರ ಎಂದರೆ ಉತ್ಪ್ರೇಕ್ಷೆಯಲ್ಲ. ಬೀಚ್ ಮರ ತೇವಕ್ಕೆ ಊದುತ್ತದೆ, ಒಣಹವೆಗೆ ಕುಗ್ಗುತ್ತದೆ. ಪ್ರತಿ ಋತುವಿನಲ್ಲೂ ತಿರುಪಿನ ಸುತ್ತ ಕೂದಲೆಳೆಯಷ್ಟು ಜಾಗ ಬಿಡುತ್ತದೆ. ವರ್ಷಕ್ಕೆರಡು ಸಲ ಎಲ್ಲ ತಿರುಪುಗಳನ್ನೂ ಕಾಲು ಸುತ್ತು ನೋಡಿಕೊಂಡರೆ ಸಾಕು. ಸಡಿಲ ಕುರ್ಚಿಯಲ್ಲಿ ಕೂರುತ್ತಲೇ ಹೋದರೆ ತಿರುಪಿನ ತೂತು ಅಂಡಾಕಾರವಾಗುತ್ತದೆ, ಆಮೇಲೆ ಬಿಗಿದರೂ ಹಿಡಿಯುವುದಿಲ್ಲ.

ಸ್ಕ್ರೂಡ್ರೈವರಿನ ತುದಿ ಗೀರಿನ ಪೂರ್ತಿ ಅಗಲಕ್ಕೆ ಕೂರುವಂತಿರಬೇಕು. ಚಿಕ್ಕದಾದರೆ ಗೀರು ಹರಿಯುತ್ತದೆ. ತುಕ್ಕು ಹಿಡಿದು ಕಚ್ಚಿಕೊಂಡ ತಿರುಪಿನ ತಲೆಗೆ ಕಾದ ಸಾಲ್ಡರಿಂಗ್ ಕಬ್ಬಿಣವನ್ನು ಒಂದು ನಿಮಿಷ ತಾಗಿಸಿ, ತಣಿದ ಮೇಲೆ ಮೊದಲು ಬಿಗಿಮಾಡುವ ಕಡೆಗೆ ಒಂದಿಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿ. ಬಿಚ್ಚುವ ಮೊದಲು ಪ್ರತಿ ಕೂಡುವ ಜಾಗಕ್ಕೂ ಕಾಗದದ ಅಂಟುಪಟ್ಟಿ ಹಚ್ಚಿ ನಂಬರು ಬರೆಯಿರಿ. ಎಡಗಾಲು ಬಲಗಾಲು ನೋಡಲು ಒಂದೇ ಆದರೂ ತೂತುಗಳ ಕೋನ ಬೇರೆ.

ತೂತು ದೊಡ್ಡದಾಗಿದ್ದರೆ ಉದ್ದನೆಯ ತಿರುಪು ಹಾಕುವ ಆಸೆಯಾಗುತ್ತದೆ. ಹಾಕಬೇಡಿ, ತುದಿ ಕಾಲಿನ ಆಚೆಗೆ ಬರುತ್ತದೆ ಅಥವಾ ಕಾಲನ್ನೇ ಸೀಳುತ್ತದೆ. ತೂತನ್ನು 6 ಮಿಲಿಮೀಟರ್‌ಗೆ ಕೊರೆದು, ಬೀಚ್ ಮರದ ಗೂಟಕ್ಕೆ ಸರೇಸು ಸವರಿ ಕೂರಿಸಿ, ಒಂದು ದಿನ ಒಣಗಿದ ಮೇಲೆ ತಿರುಪಿನ ನಡುಗಂಬದಷ್ಟು ಸಣ್ಣ ತೂತು ಕೊರೆದು ಹಳೆಯ ತಿರುಪನ್ನೇ ಹಾಕಿ. ಮೇಣ ಸವರಿದ ತಿರುಪು ಮರ ಸೀಳದೆ ಒಳಗೆ ಇಳಿಯುತ್ತದೆ. ಎಲ್ಲವನ್ನೂ ಮೊದಲು ಅರ್ಧ ಬಿಗಿದು, ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ಒಬ್ಬರು ಕೂತಿರುವಾಗ ಕೊನೆಯ ಸುತ್ತು ಬಿಗಿಯಬೇಕು. ಹಾಗೆ ಮಾಡದೆ ಒಂದೊಂದಾಗಿ ಪೂರ್ತಿ ಬಿಗಿದರೆ ಒಂದು ಕಾಲು ನೆಲದಿಂದ ಮೇಲೇಳುತ್ತದೆ. ಆಮೇಲೆ ಉಳಿದ ಮೂರನ್ನು ಕತ್ತರಿಸಲು ಹೊರಡುವವರಿದ್ದಾರೆ.

ಮೂಲೆಗೆ ಕಬ್ಬಿಣದ ಎಲ್ ಪಟ್ಟಿ ಹೊಡೆಯುವುದು ಈ ಕುರ್ಚಿಗೆ ಮಾಡುವ ಅತಿ ದೊಡ್ಡ ಅನ್ಯಾಯ. ಬಾಗುಮರ ಕೂತವರ ಜೊತೆ ಕೊಂಚ ಬಳುಕಬೇಕು, ಆ ಬಳುಕಿನಲ್ಲೇ ಅದರ ಆಯುಷ್ಯ. ಒಂದು ಮೂಲೆ ಬಿರುಸಾದರೆ ಒತ್ತಡವೆಲ್ಲ ಪಟ್ಟಿಯ ಅಂಚಿನಲ್ಲಿ ಸೇರಿ ಅಲ್ಲೇ ಮುರಿಯುತ್ತದೆ. ಎಪಾಕ್ಸಿಯೂ ಬೇಡ. ಸರೇಸನ್ನು ಬಿಸಿನೀರಿನಿಂದ ಬಿಡಿಸಿ ಮತ್ತೆ ಹಾಕಬಹುದು, ಎಪಾಕ್ಸಿ ಹಾಕಿದ ಜಾಗವನ್ನು ಮುಂದಿನವರು ರಿಪೇರಿ ಮಾಡಲಾರರು.

ಬೆತ್ತದ ಆಸನ

ಹಳೆಯ ಕುರ್ಚಿಯ ಬೆಲೆಯಲ್ಲಿ ಅರ್ಧ ಈ ಆಸನದ ಮೇಲೆ ನಿಂತಿದೆ. ಬಳೆಯ ಸುತ್ತ ತೂತುಗಳಿದ್ದರೆ ಅದು ಕೈಹೆಣಿಗೆಯದು. ತೂತಿಲ್ಲದೆ ಮೇಲ್ಮೈಯಲ್ಲಿ ಕಾಲುವೆಯಿದ್ದರೆ, ಯಂತ್ರದಲ್ಲಿ ನೇಯ್ದ ಬೆತ್ತದ ಹಾಳೆಯನ್ನು ಒತ್ತಿ ಕೂರಿಸಿದ್ದು. ಒಳಂಚಿನಲ್ಲಿ ಮೆಟ್ಟಿಲಿನಂತೆ ತಗ್ಗಿದ್ದರೆ ಅದು ಪ್ಲೈವುಡ್ ಆಸನಕ್ಕೆಂದೇ ಮಾಡಿದ ಬಳೆ. ಕಂಪನಿಗಳು ಉಬ್ಬು ಚಿತ್ತಾರದ, ತೂತು ಚಿತ್ತಾರದ ಪ್ಲೈವುಡ್ ಆಸನಗಳನ್ನೂ ಮಾರಿದ್ದವು, ಅವು ಅಸಲಿಯೇ. ತೂತುಗಳ ಮೇಲೆ ಪ್ಲೈವುಡ್ ಇಟ್ಟು ಮೊಳೆ ಹೊಡೆದಿದ್ದರೆ ಮಾತ್ರ ಹುಷಾರು. ಪ್ರತಿ ಮೊಳೆಯೂ ಎರಡು ತೂತಿನ ನಡುವಿನ ತೆಳು ಮರವನ್ನು ಸೀಳಿರುತ್ತದೆ, ಮತ್ತೆ ಬೆತ್ತ ಬಿಗಿದಾಗ ಆ ಸೀಳು ಸಾಲಾಗಿ ಓಡುತ್ತದೆ.

ಬೆತ್ತ ಜೋತುಬಿದ್ದಿದೆ, ಹರಿದಿಲ್ಲ ಎಂದಾದರೆ ಬದಲಿಸುವ ಅವಸರ ಬೇಡ. ಕುರ್ಚಿ ತಲೆಕೆಳಗಿಟ್ಟು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಆಸನದ ಕೆಳಮೈಗೆ ಅರ್ಧ ಗಂಟೆ ಹರಡಿ, ತೆಗೆದು, ಒಂದು ಇಡೀ ದಿನ ಯಾರೂ ಕೂರದೆ ಒಣಗಲು ಬಿಡಿ. ಸಾಮಾನ್ಯವಾಗಿ ಬಿಗಿಯಾಗುತ್ತದೆ. ಕೆಳಮೈಗೇ ಏಕೆಂದರೆ ಬೆತ್ತದ ಹೊಳಪಿನ ಮೇಲ್ಮೈ ನೀರು ಹೀರುವುದಿಲ್ಲ.

ಹೊಸದಾಗಿ ಹೆಣೆಯುವುದಾದರೆ ಬೆತ್ತದ ಅಗಲ ತೂತುಗಳ ಅಂತರಕ್ಕೆ ಹೊಂದಬೇಕು: ನಡುವಿನಿಂದ ನಡುವಿಗೆ ಸುಮಾರು 10 ಮಿಲಿಮೀಟರ್ ಇದ್ದರೆ 2 ಮಿಲಿಮೀಟರ್ ಬೆತ್ತ, 13 ಇದ್ದರೆ ಎರಡೂ ಕಾಲು, 16 ಇದ್ದರೆ ಎರಡೂವರೆ. ದಪ್ಪ ಬೆತ್ತ ಹಾಕಿದರೆ ಕೊನೆಯ ಓರೆ ಸಾಲುಗಳು ತೂತಿನಲ್ಲಿ ನುಗ್ಗುವುದೇ ಇಲ್ಲ. ಒಂದು ಆಸನಕ್ಕೆ ಸುಮಾರು 75 ಮೀಟರ್ ಬೇಕು. ಒಂದೊಂದು ಎಳೆಯನ್ನೂ ಉಗುರು ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಬೇಕು. ರಾತ್ರಿಯಿಡೀ ನೆನೆಹಾಕಿದರೆ ಬೂದು ಬಣ್ಣಕ್ಕೆ ತಿರುಗಿ ಸಿಬಿರು ಏಳುತ್ತದೆ. ಹಿಂದಿನ ನಟ್ಟನಡುವಿನ ತೂತು, ಮುಂದಿನ ನಟ್ಟನಡುವಿನ ತೂತು ಗುರುತಿಸಿಕೊಂಡು ಅಲ್ಲಿಂದ ಎರಡೂ ಪಕ್ಕಕ್ಕೆ ಹೋಗಿ. ಆಸನ ದುಂಡಾದ್ದರಿಂದ ಪಕ್ಕದಲ್ಲಿ ಸಾಲುಗಳು ಗಿಡ್ಡವಾಗುತ್ತ ಬರುತ್ತವೆ. ಸಾಲು ನೇರ ಉಳಿಯುವಂತೆ ಕೆಲವು ತೂತು ಬಿಟ್ಟು ಮುಂದೆ ಹೋಗಬೇಕಾಗುತ್ತದೆ.

ಕ್ರಮ ಹೀಗೆ. ಮೊದಲು ಹಿಂದಿನಿಂದ ಮುಂದಕ್ಕೆ ಒಂದು ಪದರ, ಹೊಳಪಿನ ಮೈ ಮೇಲೆ, ತುಂಬ ಬಿಗಿಯಿಲ್ಲದೆ. ಅದರ ಮೇಲೆ ಎಡದಿಂದ ಬಲಕ್ಕೆ ಒಂದು ಪದರ, ನೇಯ್ಗೆ ಇಲ್ಲ, ಸುಮ್ಮನೆ ಮಲಗಿಸುವುದು. ಮೂರನೆಯದು ಮತ್ತೆ ಹಿಂದಿನಿಂದ ಮುಂದಕ್ಕೆ, ಮೊದಲ ಪದರದ ಬಲಕ್ಕೆ ಒತ್ತಿಕೊಂಡು. ನಾಲ್ಕನೆಯದರಲ್ಲಿ ನೇಯ್ಗೆ ಶುರು: ಅಡ್ಡ ಹೋಗುತ್ತ ಮೂರನೆಯ ಪದರದ ಮೇಲೆ, ಮೊದಲನೆಯದರ ಕೆಳಗೆ. ಇಲ್ಲಿಗೆ ಚೌಕಗಳು ಮೂಡಿರುತ್ತವೆ, ಒದ್ದೆ ಇರುವಾಗಲೇ ಗೂಟದಿಂದ ಜೋಡಿಗಳನ್ನು ಒತ್ತಿ ಚೌಕ ಸರಿಪಡಿಸಬೇಕು. ಐದು ಮತ್ತು ಆರು ಓರೆ ಸಾಲುಗಳು. ಒಂದು ಓರೆ ಉದ್ದ ಜೋಡಿಗಳ ಕೆಳಗೆ ಅಡ್ಡ ಜೋಡಿಗಳ ಮೇಲೆ, ಇನ್ನೊಂದು ಅದಕ್ಕೆ ವಿರುದ್ಧ. ಸರಿಯಾಗಿದ್ದರೆ ಎಳೆ ಚೌಕದ ಮೂಲೆಗೆ ಜಾರಿಕೊಂಡು ಕೂರುತ್ತದೆ. ಎಳೆಯುವಾಗ ಗರಗರ ಸಿಕ್ಕಿಕೊಂಡರೆ ಮೇಲೆ ಕೆಳಗೆ ತಪ್ಪಿದೆ ಎಂದರ್ಥ. ಬಿಚ್ಚಿ ಸರಿಮಾಡಲೇಬೇಕು, ಇಲ್ಲವಾದರೆ ಎಳೆ ಎಳೆಯನ್ನೇ ಗರಗಸದಂತೆ ಸವೆಸುತ್ತದೆ. ಕೊನೆಗೆ ತೂತುಗಳ ಮೇಲೆ ಅಗಲದ ಒಂದು ಬೆತ್ತ ಸುತ್ತ ಇಟ್ಟು ಸಣ್ಣ ಎಳೆಯಿಂದ ಹೊಲಿದು ಮುಚ್ಚುವುದು. ಹೊಸಬರಿಗೆ ಎರಡು ಮೂರು ದಿನದ ಕೆಲಸ.

ಬೆತ್ತದ ಮೇಲೆ ನಿಂತು ಬಲ್ಬ್ ಬದಲಿಸುವುದು, ಮಂಡಿಯೂರುವುದು ಬೇಡ. ಹರಡಿದ ಭಾರ ಎಷ್ಟೋ ವರ್ಷ ಹೊರುವ ಹೆಣಿಗೆ ಹಿಮ್ಮಡಿಯ ಒಂದೇ ಒತ್ತಿಗೆ ಹರಿಯುತ್ತದೆ.

ಮೈಬಣ್ಣ

ಹಳೆಯ ಪ್ರತಿಗಳ ಮೇಲಿರುವುದು ಬಹುಪಾಲು ಅರಗಿನ ಪಾಲಿಷ್. ಕಾಣದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿದರೆ ಅರಗು ಅಂಟಂಟಾಗುತ್ತದೆ. ಏನೂ ಆಗದಿದ್ದರೆ ಆಮೇಲೆ ಹಚ್ಚಿದ ವಾರ್ನಿಷ್ ಅಥವಾ ಲ್ಯಾಕರ್. ಅರಗು ಉಳಿದಿದ್ದರೆ ಕೆರೆದು ತೆಗೆಯುವುದು ಮಹಾ ತಪ್ಪು. ಟರ್ಪೆಂಟೈನ್ ತೇವದ ಬಟ್ಟೆಯಿಂದ ಕೊಳೆ, ಹಳೆಯ ಮೇಣ ಒರೆಸಿ, ಸವೆದ ಜಾಗಕ್ಕೆ ತೆಳು ಅರಗನ್ನು ಮೂರು ನಾಲ್ಕು ಸಲ ಸವರಿ, ಜೇನುಮೇಣದಿಂದ ಉಜ್ಜಿದರೆ ಸಾಕು. ಬೀಚ್ ಮರದ ಮೂಲ ಬಣ್ಣ ಪೇಲವ. ಪಾಲಿಷಿನ ಜೊತೆ ಕೆಳಗಿನ ಬಣ್ಣವೂ ಹೋದರೆ ಕಾಲುಗಳು ಒಂದು ಥರ, ಕಮಾನು ಇನ್ನೊಂದು ಥರವಾಗಿ ಕೂಡಿಸುವುದೇ ಕಷ್ಟ.

ಬಣ್ಣ ಬಳಿದ ಕುರ್ಚಿ ಅಗ್ಗಕ್ಕೆ ಸಿಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣ ಉಜ್ಜುಕಾಗದ ಮುಟ್ಟಿಸಬೇಡಿ. ಬಣ್ಣ ಬಿಡಿಸುವ ಲೇಪ ಹಚ್ಚಿ ಮರದ ಚಕ್ಕೆಯಿಂದ ಎತ್ತಬೇಕು. ಕ್ಷಾರದ ತೊಟ್ಟಿಯಲ್ಲಿ ಮುಳುಗಿಸಿ ಬಣ್ಣ ತೆಗೆದದ್ದನ್ನು ಕೊಳ್ಳಲೇಬೇಡಿ. ಮರದ ಮೈ ಬೂದಾಗಿ ನಾರು ಎದ್ದಿರುತ್ತದೆ, ಆಸನದ ಬಳೆಯ ಸರೇಸೂ ಕರಗಿರುತ್ತದೆ.

ಕೂರಲು ಹೇಗಿದೆ, ಯಾರಿಗೆ ಸರಿ

ಊಟದ ಮೇಜಿಗೆ, ಮಾತುಕತೆಗೆ ಇದಕ್ಕಿಂತ ಒಳ್ಳೆಯ ಕುರ್ಚಿ ಈ ತೂಕದಲ್ಲಿ ಸಿಗುವುದು ಕಷ್ಟ. ಬೆತ್ತ ಗಾಳಿಯಾಡುತ್ತದೆ, ಬೆನ್ನಿನ ಕಮಾನು ಕೊಂಚ ಹಿಂದಕ್ಕೆ ಬಳುಕುತ್ತದೆ. ಒಂದು ಒಂದೂವರೆ ಗಂಟೆ ಹಾಯಾಗಿ ಕೂರಬಹುದು. ಕಂಪ್ಯೂಟರಿನ ಮುಂದೆ ದಿನವಿಡೀ ಕೂರುವವರಿಗೆ ಇದು ಬೇಡ. ಸೊಂಟಕ್ಕೆ ಒತ್ತಾಸೆಯಿಲ್ಲ, ಕೈಯೂರಲು ಜಾಗವಿಲ್ಲ, ಆಸನದ ಬಳೆಯ ಗಟ್ಟಿ ಅಂಚು ತೊಡೆಗೆ ಒತ್ತುತ್ತದೆ. ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಎರಡು ಕಾಲಿನ ಮೇಲೆ ತೂಗುವ ಅಭ್ಯಾಸದವರಿಗೂ ಬೇಡ. ಹಾಗೆ ತೂಗಿದಾಗ ಮೈಯ ಭಾರವೆಲ್ಲ ಹಿಂಗಾಲು ಆಸನದ ಬಳೆಗೆ ಕೂಡುವ ಎರಡು ಬೋಲ್ಟುಗಳನ್ನು ಕೀಳುವ ಸನ್ನೆಕೋಲಾಗುತ್ತದೆ.

ಹೊಸದು ಕೊಳ್ಳುವ ದಾರಿಯೂ ಇದೆ. ಜರ್ಮನಿಯ ಫ್ರಾಂಕೆನ್‌ಬರ್ಗ್‌ನಲ್ಲಿರುವ ಥೋನೆಟ್ ಇದೇ ಕುರ್ಚಿಯನ್ನು 214 ಎಂಬ ನಂಬರಿನಲ್ಲಿ ಇಂದಿಗೂ ಮಾಡುತ್ತದೆ. ಚೆಕ್ ದೇಶದ ಬಿಸ್ತ್ರಿತ್ಸೆಯಲ್ಲಿ ಥೋನೆಟ್ ಕುಟುಂಬ 1861ರಲ್ಲಿ ತೆರೆದ ಕಾರ್ಖಾನೆ ಈಗ ಟಾನ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ, ಅಲ್ಲೂ 14 ಉಳಿದಿದೆ. ಆರು ಕುರ್ಚಿ ಒಂದೇ ಬಣ್ಣದಲ್ಲಿ ಬೇಕು, ದಿನಾ ಮಕ್ಕಳು ಎಳೆದಾಡುತ್ತಾರೆ ಎಂಬ ಮನೆಗೆ ಹೊಸದೇ ಸರಿ. ಒಂದೆರಡು ಸಾಕು, ತಿರುಪು ಬಿಗಿಯಲು ಬೇಸರವಿಲ್ಲ ಎನ್ನುವವರು ಹಳೆಯದನ್ನೇ ಹುಡುಕಲಿ. ಆರು ಹಳೆಯ ಕುರ್ಚಿ ಬೇಕಿದ್ದರೆ ಏಳನೆಯದೊಂದನ್ನು, ಬೆತ್ತ ಹರಿದು ಕಾಲು ಮುರಿದದ್ದಾದರೂ ಸರಿ, ಅದೇ ಕಂಪನಿಯ ಮುದ್ರೆ ನೋಡಿ ಜೊತೆಗೆ ಕೊಳ್ಳಿ. ಮುಂದೆ ಒಂದು ಒಳಕಮಾನೋ ಕಾಲ್ಬಳೆಯೋ ಬೇಕಾದಾಗ ಅಳತೆ ಕೂಡುವ ತುಂಡು ಮನೆಯಲ್ಲೇ ಇರುತ್ತದೆ.